ಡೆಕಾಟ್ರಾನ್ ಕೊಳ್ಳುವ ಮುನ್ನ ನೆತ್ತಿ ನೋಡಿ, ಬುಡ ನೋಡಿ

ಹಳೆಯ ಎಣಿಕೆ ಟ್ಯೂಬಿನ ಮೇಲಿನ ಅಚ್ಚು ಒರೆಸಿದರೆ ಹೋಗುತ್ತದೆ, ಬೇರೆ ನಂಬರ್ ಒತ್ತುವುದೂ ಕಷ್ಟವಲ್ಲ. ಹಾಗಾಗಿ ಹೆಸರನ್ನು ಕೊನೆಯಲ್ಲಿ ಓದಿ.

ಡೆಕಾಟ್ರಾನ್, ಅಂದರೆ ಬೆಳಕಿನ ಚುಕ್ಕಿ ಸುತ್ತುತ್ತ ಹತ್ತರ ಲೆಕ್ಕದಲ್ಲಿ ಎಣಿಸುವ ಅನಿಲ ತುಂಬಿದ ಟ್ಯೂಬ್, ಆದರೆ ಗಾಜಿನ ನೆತ್ತಿಯಿಂದ ಇಣುಕಿ. ನಡುವೆ ದುಂಡನೆಯ ಆನೋಡ್ ತಟ್ಟೆ, ಸುತ್ತ ಸಣ್ಣ ಕಡ್ಡಿಗಳ ಬೇಲಿ. ಭೂತಗನ್ನಡಿ ಹಿಡಿದು ಕಡ್ಡಿಗಳನ್ನು ಎಣಿಸಿ. ಬ್ರಿಟನ್ನಿನ ಎರಿಕ್ಸನ್ ಟೆಲಿಫೋನ್ಸ್ ತಯಾರಿಸಿದ ಜಿಸಿ10ಬಿಯಲ್ಲಿ 30 ಇರುತ್ತವೆ: ಅಂಕಿಗಳಿಗೆ 10, ಬೆಳಕಿನ ಚುಕ್ಕಿಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಗೈಡ್‌ಗಳು 20. ಜಿಎಸ್10ಸಿಯಲ್ಲೂ ಅಷ್ಟೇ. ವ್ಯತ್ಯಾಸ ಇರುವುದು ಬುಡದಲ್ಲಿ. ಜಿಸಿಯಲ್ಲಿ ಒಂಬತ್ತು ಕ್ಯಾಥೋಡ್‌ಗಳು (ಅಂಕಿಗಳ ಕಡ್ಡಿಗಳು) ಒಳಗೇ ಒಂದಾಗಿ, ಸೊನ್ನೆ ಮಾತ್ರ ಬೇರೆಯಾಗಿ ಹೊರಬರುತ್ತದೆ. ಅದಕ್ಕೆ ಎಂಟು ಪಿನ್ನಿನ ಆಕ್ಟಲ್ ಬೇಸ್ ಸಾಕು. ಜಿಎಸ್ ಅಂದರೆ ಸೆಲೆಕ್ಟರ್, ಕ್ಯಾಥೋಡ್‌ಗಳಿಗೆ ಪ್ರತ್ಯೇಕ ತಂತಿ ಬೇಕು, ಪಿನ್ನುಗಳು ಹೆಚ್ಚು. ಆಕ್ಟಲ್ ಬೇಸಿನ ಮೇಲೆ ಜಿಎಸ್10ಸಿ ಎಂದು ಬರೆದಿದ್ದರೆ ಕೊಳ್ಳಬೇಡಿ.

ಬಣ್ಣವೂ ಗುರುತು ಹೇಳುತ್ತದೆ. ನಿಯಾನ್ ತುಂಬಿದ್ದು ಕಿತ್ತಳೆ, ಸೋವಿಯತ್ ಓಜಿ-4 ಹಾಗೆ. ಆರ್ಗಾನ್ ಇರುವ ಎ101 ನೇರಳೆ.

ಜಿಸಿ10ಬಿ ಹೊತ್ತಿಸಿ ನೋಡಲು 475 ವೋಲ್ಟ್ ಡಿಸಿ, ಆನೋಡ್‌ಗೆ 820 ಕಿಲೋಓಮ್ ರೆಸಿಸ್ಟರ್. ಕ್ಯಾಥೋಡ್‌ಗಳು ಗ್ರೌಂಡಿಗೆ, ಗೈಡ್‌ಗಳು ಸುಮಾರು +40 ವೋಲ್ಟಿಗೆ. ರೆಸಿಸ್ಟರ್ ಬಿಟ್ಟರೆ ಕರೆಂಟಿಗೆ ಅಂಕೆಯಿರದೆ ಟ್ಯೂಬ್ ಸುಟ್ಟುಹೋಗುತ್ತದೆ. ಇದು ಪ್ರಾಣಕ್ಕೂ ಅಪಾಯದ ವೋಲ್ಟೇಜ್, ಸಪ್ಲೈ ಆಫ್ ಮಾಡಿ ಕೆಪ್ಯಾಸಿಟರ್ ಖಾಲಿಯಾದ ಮೇಲೇ ಮುಟ್ಟಿ. ಒಂದೇ ಒಂದು ಚುಕ್ಕಿ ಹೊತ್ತಬೇಕು. ಕತ್ತಲಲ್ಲಿ ಹೊತ್ತಲು ತಡವಾದರೆ ಕೆಟ್ಟಿದೆ ಎನ್ನಬೇಡಿ, ದೀಪ ಹಿಡಿದು ನೋಡಿ, ಬೆಳಕು ಬಿದ್ದರೆ ಅನಿಲ ಬೇಗ ಹೊತ್ತುತ್ತದೆ.

ಚುಕ್ಕಿ ಒಂದು ಜಾಗಕ್ಕೆ ಹೋಗಲು ಹಟ ಮಾಡುವುದು ಬೇರೆ ರೋಗ. ಯಂತ್ರ ವರ್ಷಗಟ್ಟಲೆ ಒಂದೇ ಅಂಕಿಯಲ್ಲಿ ನಿಂತಿದ್ದರೆ ಆ ಕ್ಯಾಥೋಡಿನ ಲೋಹ ಸಿಡಿದು ಪಕ್ಕದವಕ್ಕೆ ಮೆತ್ತಿರುತ್ತದೆ. ಕೆಲವು ಗಂಟೆ ಬಿಡದೆ ಸುತ್ತಿಸಿದರೆ ಎಷ್ಟೋ ಟ್ಯೂಬುಗಳು ಚೇತರಿಸಿಕೊಳ್ಳುತ್ತವೆ. ಬಿಸಾಡುವ ಮುಂಚೆ ಇದನ್ನು ಮಾಡಲೇಬೇಕು.

ಇನ್ನೊಂದು ಬಗೆಯ ಎಣಿಕೆ ಟ್ಯೂಬಾದ ಫಿಲಿಪ್ಸ್ ಇ1ಟಿಗೆ ಈ ಪರೀಕ್ಷೆ ಒಗ್ಗದು. ಅದರಲ್ಲಿ ಅನಿಲವಿಲ್ಲ, 6.3 ವೋಲ್ಟಿನ ಹೀಟರ್ ಇದೆ, ಅಂಕಿಗಳ ಪಕ್ಕದಲ್ಲಿ ಬೆಳಕಿನ ಗೆರೆ ಮೂಡುತ್ತದೆ. ಗಾಜಿನ ಒಳಗೆ ಕನ್ನಡಿಯಂತೆ ಹೊಳೆಯಬೇಕಾದ ಗೆಟರ್ (ಉಳಿದ ಅನಿಲ ಹೀರುವ ಲೋಹದ ಲೇಪ) ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ನುಗ್ಗಿದೆ, ಅದಕ್ಕೆ ಮದ್ದಿಲ್ಲ.

ಎಲೆಕ್ಟ್ರಾನ್ ಕಿರಣವನ್ನು ಅಂಕಿಯಿಂದ ಅಂಕಿಗೆ ತಿರುಗಿಸಿ ಎಣಿಸುವ ಟ್ಯೂಬಾದ ಬರೋಸ್ 6700 ಟ್ರೋಕೋಟ್ರಾನ್ ಸಿಕ್ಕರೆ ಅದರ ಸುತ್ತಲಿನ ಅಯಸ್ಕಾಂತವನ್ನು ಕಳಚಬೇಡಿ, ಕಬ್ಬಿಣದ ಬೀರುವಿನಲ್ಲೂ ಇಡಬೇಡಿ. ಆ ಕಾಂತಬಲ ಕುಂದಿದರೆ ಎಲೆಕ್ಟ್ರಾನ್ ಕಿರಣ ತನ್ನ ಅಂಕಿಯಲ್ಲಿ ನಿಲ್ಲುವುದಿಲ್ಲ.