ಬೆವರಿಗೆ ನಿಲ್ಲುವ ಬಣ್ಣ

ಎಪ್ರಿಲ್, ಮೇ ಅಂದರೆ ಕಾಸರಗೋಡಿನಲ್ಲಿ ಮದುವೆಗಳ ಸುಗ್ಗಿ, ಬೆವರಿನ ಸುಗ್ಗಿಯೂ ಹೌದು. ಥರ್ಮಾಮೀಟರ್ 33–34 ಡಿಗ್ರಿ ತೋರಿಸಿದರೂ ಬಳ್ಳಾರಿಯ ಒಣ ಬಿಸಿಲಿಗಿಂತ ಇಲ್ಲಿನ ಸೆಕೆ ಹೆಚ್ಚು ಹಿಂಸೆ ಕೊಡುತ್ತದೆ. ಕಡಲ ಗಾಳಿಯಲ್ಲಿ ನೀರಾವಿ ಮೊದಲೇ ತುಂಬಿರುವುದರಿಂದ ಬೆವರು ಬರುತ್ತದೆಯೇ ಹೊರತು ಆರುವುದಿಲ್ಲ. ಆರದ ಬೆವರು ಹಣೆ, ಮೂಗು, ಮೇಲ್ದುಟಿಯ ಮೇಲೆ ನಿಂತು, ಮುಹೂರ್ತಕ್ಕೆ ಮೊದಲೇ ಮುಖಕ್ಕೆ ಬಳಿದ ಮೈಬಣ್ಣದ ಲೇಪವನ್ನು, ಅಂದರೆ ಫೌಂಡೇಶನ್ನನ್ನು, ಎಬ್ಬಿಸಿಬಿಡುತ್ತದೆ. ಬದಿಯಡ್ಕ, ಕುಂಬಳೆ ಕಡೆ ಮದುಮಗಳ ಮೇಕಪ್ ಮಾಡುವ ಅಕ್ಕನೊಬ್ಬರು ನನಗೆ ಪರಿಚಯ. ಅವರು ಹೇಳುವ ಕಿವಿಮಾತುಗಳ ಬುಡಕ್ಕೆ ಹೋದರೆ ಸಿಗುವುದೆಲ್ಲ ಎಣ್ಣೆ ಮತ್ತು ನೀರಿನ ರಸಾಯನಶಾಸ್ತ್ರವೇ.

'ವಾಟರ್‌ಪ್ರೂಫ್' ಎಂದು ಬರೆದದ್ದನ್ನು ಕೊಂಡರೆ ಮುಗಿಯಿತಲ್ಲ ಎಂದು ಅನಿಸಬಹುದು. ಅಂಥ ಮೇಕಪ್ಪಿನಲ್ಲಿ ಐಸೊಡೊಡೆಕೇನ್‌ನಂತಹ ಬೇಗ ಆವಿಯಾಗುವ ದ್ರವದಲ್ಲಿ ಸಿಲಿಕೋನ್ ಅಂಟನ್ನು ಕರಗಿಸಿರುತ್ತಾರೆ. ಹಚ್ಚಿದ ಮೇಲೆ ದ್ರವ ಹಾರಿಹೋಗುತ್ತದೆ, ಬಣ್ಣವನ್ನು ಹಿಡಿದುಕೊಂಡ ತೆಳ್ಳನೆಯ ಪೊರೆ ಉಳಿಯುತ್ತದೆ. ಮಳೆಗೆ, ಕಣ್ಣೀರಿಗೆ ಅದು ಜಗ್ಗುವುದಿಲ್ಲ. ಬೆವರಿನ ಕಥೆ ಬೇರೆ, ಅದು ಪೊರೆಯ ಅಡಿಯಿಂದ ಬರುವ ನೀರು. ನಮ್ಮ ಮೈಯಲ್ಲಿ 20ರಿಂದ 40 ಲಕ್ಷ ಬೆವರುಗ್ರಂಥಿಗಳಿವೆ, ಹಣೆಯಲ್ಲಂತೂ ಒತ್ತೊತ್ತಾಗಿವೆ. ದಪ್ಪಗೆ ಬಳಿದ ಪೊರೆಯನ್ನು ಈ ನೀರು ಅಡಿಯಿಂದ ಎತ್ತಿ, ಹಾಳೆಹಾಳೆಯಾಗಿ ಬಿಡಿಸುತ್ತದೆ. ಅದಕ್ಕೇ ಅಕ್ಕ ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ ತೀರಾ ತೆಳುವಾಗಿ ಒತ್ತುತ್ತಾರೆ, ಕಲೆ ಇದ್ದಲ್ಲಿ ಮಾತ್ರ ಇನ್ನೊಂದು ಪದರ. ಪೌಡರ್ ಹಾಕುವುದು ಹಣೆ, ಮೂಗು, ಗದ್ದಕ್ಕಷ್ಟೆ. ನಡುವೆ ಬೆವರಿದರೆ ಮೊದಲು ಟಿಶ್ಯೂ ಪೇಪರನ್ನು ಒತ್ತಿ ತೆಗೆಯಬೇಕು, ಒರೆಸಬಾರದು. "ಬೆವರಿನ ಮೇಲೆ ಪೌಡರ್ ಹಾಕಿದ್ರೆ ಎಂತ ಆಗ್ತದೆ? ದೋಸೆ ಹಿಟ್ಟು ಆಗ್ತದೆ, ಅಷ್ಟೆ," ಎನ್ನುತ್ತಾರೆ.

ಅವರು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳುವುದು ಸನ್‌ಸ್ಕ್ರೀನ್. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ (ಬಿಸಿಲು ಸುಡದಂತೆ ಎಷ್ಟು ರಕ್ಷಣೆ ಎಂದು ಹೇಳುವ ಸಂಖ್ಯೆ) ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ನಾವು ಹಚ್ಚುವುದು ಹೆಚ್ಚೆಂದರೆ ಅದರ ಅರ್ಧ. ಹಾಗಾಗಿ ಡಬ್ಬಿಯ ಮೇಲಿನ 50 ನಮ್ಮ ಮುಖದ ಮೇಲೆ 50 ಆಗಿ ಉಳಿಯುವುದೇ ಇಲ್ಲ. ಮುಖ, ಕುತ್ತಿಗೆಗೆ ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಬೇಕು. ಫೌಂಡೇಶನ್ನಿನಲ್ಲೇ ಎಸ್‌ಪಿಎಫ್ ಉಂಟಲ್ಲ ಎಂದು ಕೇಳುವವರಿದ್ದಾರೆ. ಅಷ್ಟು ಫೌಂಡೇಶನ್ ಮೆತ್ತಿಕೊಂಡು ಯಾರೂ ಹಾಲ್‌ಗೆ ಬರಲಾರರು.

ಸನ್‌ಸ್ಕ್ರೀನ್‌ನಿಂದ ಒಂದು ತಾಪತ್ರಯವೂ ಇದೆ. ಕಣ್ಣಿಗೆ ಚೆನ್ನಾಗಿಯೇ ಕಂಡ ಮದುಮಗಳು ಫೋಟೋದಲ್ಲಿ ಬೂದಿ ಬಳಿದುಕೊಂಡಂತೆ ಕಾಣುತ್ತಾಳೆ. ಕಾರಣ ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಸತುವಿನ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್. ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ, ಅಂದರೆ ವಕ್ರೀಭವನ ಸೂಚ್ಯಂಕ, ಎಣ್ಣೆಯದು ಸುಮಾರು 1.5, ಸತುವಿನ ಆಕ್ಸೈಡಿನದು 2, ಟೈಟಾನಿಯಂನದು 2.5ಕ್ಕೂ ಮೇಲೆ. ಈ ಅಂತರ ಹೆಚ್ಚಿದಷ್ಟೂ ಬೆಳಕು ಒಳಗೆ ಹೋಗದೆ ಚದುರಿ ಹಿಂದಕ್ಕೆ ಬರುತ್ತದೆ, ಫ್ಲಾಶ್ ನೇರ ಕ್ಯಾಮೆರಾಕ್ಕೇ ಮರಳುತ್ತದೆ. ಮೇಕಪ್ ಮುಗಿದೊಡನೆ ಮೊಬೈಲಿನಲ್ಲಿ ಫ್ಲಾಶ್ ಹಾಕಿ ಒಂದು ಫೋಟೋ ತೆಗೆದು ನೋಡುವುದು ಇದಕ್ಕೇ. ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ತೆಂಗಿನೆಣ್ಣೆಗೆ ಕಲಸುವ ಬಿಳಿ ಬಣ್ಣ, ಸಫೇತವೂ ಇದೇ ಸತುವಿನ ಆಕ್ಸೈಡ್. ಅಲ್ಲಿ ಮಾತ್ರ ಬೆಳಕು ಹೀಗೆ ಎದ್ದು ಮರಳುವುದೇ ಬೇಕು, ಬಯಲಾಟದ ಕೊನೆಯ ಸಾಲಿನವರಿಗೂ ಮುಖ ಕಾಣಬೇಡವೆ?

ಫೌಂಡೇಶನ್ನಿನ ಬಣ್ಣ ಬರುವುದು ಕಬ್ಬಿಣದ ಆಕ್ಸೈಡುಗಳಿಂದ: ಹಳದಿ, ಕೆಂಪು, ಕಪ್ಪು. ನಮ್ಮ ಮುರಕಲ್ಲನ್ನು ಕೆಂಪು ಮಾಡಿದ್ದೂ ಕಬ್ಬಿಣದ ಆಕ್ಸೈಡೇ. ಅದರಿಂದ ಇನ್ನೊಂದು ಲಾಭ ಇದೆ. ಬಂಗು ಇರುವ ಕಂದು ಚರ್ಮಕ್ಕೆ ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ನೀಲಿ ಬೆಳಕೂ ಕೇಡು. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯದು, ಕಬ್ಬಿಣದ ಆಕ್ಸೈಡ್ ತಡೆಯುತ್ತದೆ. ಬಂಗು ಇರುವವರು ಬಣ್ಣ ಬೆರೆಸಿದ ಸನ್‌ಸ್ಕ್ರೀನನ್ನೇ ಕೊಳ್ಳಬೇಕು ಎಂದು ಅಕ್ಕ ಹಟ ಹಿಡಿಯುವುದರಲ್ಲಿ ಅರ್ಥ ಇದೆ. ಶೇಡ್ ನೋಡುವುದು ದವಡೆಯ ಅಂಚಿನಲ್ಲಿ, ಅಂಗಡಿಯ ಎಲ್‌ಇಡಿ ಬೆಳಕು ಬಿಟ್ಟು ಹೊರಗಿನ ಹಗಲಿನಲ್ಲಿ. ಹಚ್ಚಿ ಹತ್ತು ನಿಮಿಷ ಕಾಯಬೇಕು. ದ್ರವ ಆರಿ, ಚರ್ಮದ ಜಿಡ್ಡು ಬಣ್ಣದ ಕಣಗಳನ್ನು ತೋಯಿಸಿದ ಮೇಲೆ ಶೇಡ್ ಸ್ವಲ್ಪ ಕಪ್ಪಾಗುವುದುಂಟು.

"ಸ್ವಲ್ಪ ಬಿಳಿ ಮಾಡಿ ಅಕ್ಕಾ" ಎಂಬ ಬೇಡಿಕೆ ಬಾರದ ಮದುವೆಯಿಲ್ಲ. "ಬಿಳಿ ಮಾಡುದಕ್ಕೆ ಅದೆಂತ ಗೋಡೆಯಾ ಮಾರಾಯ್ತಿ?" ಎಂದು ಅವರು ನಗಾಡುತ್ತಾರೆ. ನನಗೆ ನಗು ಬರುವುದಿಲ್ಲ. ಮದುವೆಗೆ ತಿಂಗಳುಗಳ ಮೊದಲೇ ಹೆಸರು ವಿಳಾಸ ಇಲ್ಲದ ಬಿಳಿಯಾಗುವ ಕ್ರೀಮು ಮನೆಗೆ ಬಂದಿರುತ್ತದೆ. ಇಂಥ ಕೆಲವು ಕ್ರೀಮುಗಳಲ್ಲಿ ಇರುವುದು ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೊಸಿನೇಸ್ ಎಂಬ ಕಿಣ್ವ ಬೇಕು, ಆ ಕಿಣ್ವಕ್ಕೆ ತಾಮ್ರ ಬೇಕು. ಪಾದರಸ ತಾಮ್ರದ ಜಾಗದಲ್ಲಿ ಕೂತು ಕೆಲಸ ನಿಲ್ಲಿಸುತ್ತದೆ. ಮುಖ ಬೇಗನೆ ಬೆಳ್ಳಗಾಗುತ್ತದೆ, ಪಾದರಸ ಚರ್ಮ ದಾಟಿ ರಕ್ತ ಸೇರಿ ಮೂತ್ರಪಿಂಡದಲ್ಲಿ ಬೀಡುಬಿಡುತ್ತದೆ. 2021ರಿಂದ 2023ರ ನಡುವೆ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಮೂತ್ರಪಿಂಡ ಕಾಯಿಲೆಯ 22 ಪ್ರಕರಣಗಳನ್ನು ಪರೀಕ್ಷಿಸಿದಾಗ 15 ಮಂದಿಯಲ್ಲಿ ಅದರ ಅಪರೂಪದ ಬಗೆಯೊಂದು ಕಂಡಿತು. ಆ 15ರಲ್ಲಿ 13 ಮಂದಿ ಇಂಥ ಕ್ರೀಮು ಹಚ್ಚಿದವರು. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳಿಗೆ ದಾಳಿ ಇಟ್ಟಿತು.

ಹಳೆಯ ಚೌಕಿಯ ಕೆಂಪು ಬಣ್ಣ ಇಂಗಳೀಕವೂ ಪಾದರಸವೇ ಅಲ್ಲವೆ ಎಂದರೆ, ಹೌದು, ಪಾದರಸದ ಸಲ್ಫೈಡ್. ಹಳದಿ ಬಣ್ಣದ ಅರದಾಳದಲ್ಲಿ ಆರ್ಸೆನಿಕ್ಕೂ ಇದೆ. ಇಂಗಳೀಕದಲ್ಲಿ ಗಂಧಕ ಪಾದರಸವನ್ನು ಎಷ್ಟು ಬಿಗಿಯಾಗಿ ಹಿಡಿದಿದೆಯೆಂದರೆ ಬೆವರಿನಲ್ಲಿ ಅದು ಹೆಚ್ಚುಕಡಿಮೆ ಕರಗುವುದೇ ಇಲ್ಲ. ಕ್ರೀಮಿನ ಪಾದರಸ ಚರ್ಮಕ್ಕೆ ಇಳಿಯುವಂಥ ಲವಣ. ಹಾಗೆಂದು ಇಂಗಳೀಕದ ಪುಡಿ ಉಸಿರಿಗೆ ಹೋಗುವುದು ಒಳ್ಳೆಯದಲ್ಲ, ಈಗ ಸುರಕ್ಷಿತವಾದ ರೆಡಿ ಬಣ್ಣಗಳು ಸಿಗುವಾಗ ಅದರ ಹಂಗೂ ಬೇಕಿಲ್ಲ.

ಅಕ್ಕನ ಮೆಚ್ಚಿನ ಕಾಡಿಗೆ ಲ್ಯಾಕ್ಮೆಯ ಪೆನ್ಸಿಲ್. (1952ರಲ್ಲಿ ಲ್ಯಾಕ್ಮೆಯನ್ನು ಹುಟ್ಟುಹಾಕಿದ್ದು ಟಾಟಾ ಆಯಿಲ್ ಮಿಲ್ಸ್, ಎರ್ನಾಕುಳಂನಲ್ಲಿ ಕೊಬ್ಬರಿ ಹಿಂಡುತ್ತಿದ್ದ ಕಂಪೆನಿ!) ಮನೆಯ ಕಾಡಿಗೆ ಮಸಿ ಮತ್ತು ಹರಳೆಣ್ಣೆಯದ್ದು, ಎಣ್ಣೆ ಆರುವುದಿಲ್ಲವಾದ್ದರಿಂದ ಸೆಕೆಗೆ ಕೆನ್ನೆಗಿಳಿಯುತ್ತದೆ. ಪೆನ್ಸಿಲಿನಲ್ಲಿ ಮೇಣ ಇದೆ. ಸುರ್ಮ ಮಾತ್ರ ಬೇಡ, ಅದು ಸೀಸದ ಸಲ್ಫೈಡ್ ಆಗಿರಬಹುದು.

ಇಷ್ಟೆಲ್ಲ ಹಚ್ಚಿದ್ದನ್ನು ತೆಗೆಯಲು ವೇಷಧಾರಿಗಳು ಬೆಳಗಾಗುತ್ತಲೇ ತೆಂಗಿನೆಣ್ಣೆ ಹಚ್ಚುತ್ತಾರೆ. ಎಣ್ಣೆಯಲ್ಲಿ ಕಲಸಿದ ಬಣ್ಣ ಎಣ್ಣೆಗೇ ಬಿಟ್ಟುಕೊಳ್ಳುವುದು, ನೀರಿಗಲ್ಲ. ಅಕ್ಕನ ದಾರಿಯೂ ಅದೇ, ಆದರೆ ಎಣ್ಣೆಯನ್ನು ಮುಖದಲ್ಲೇ ಉಳಿಸಲು ಬಿಡುವುದಿಲ್ಲ. ತೆಂಗಿನೆಣ್ಣೆಯ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ಚರ್ಮದ ಮೇಲೆ ಬದುಕುವ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಇಂಥ ಕೊಬ್ಬು ಊಟ. ಆದ್ದರಿಂದ ಎಣ್ಣೆ ಒರೆಸಿದ ಮೇಲೆ ಫೇಸ್‌ವಾಶ್ ಬೇಕೇ ಬೇಕು. ಹುಳಿ-ಕ್ಷಾರ ಅಳೆಯುವ ಪಿಎಚ್ ಚರ್ಮದಲ್ಲಿ ಸುಮಾರು 5, ಸ್ನಾನದ ಸೋಪಿನದು 9–10, ಅದು ಮುಖಕ್ಕೆ ಹೆಚ್ಚಾಯಿತು. ಮೊಡವೆಯವರಿಗೆ ಮೈಸೆಲ್ಲಾರ್ ವಾಟರ್, ಅಂದರೆ ಜಿಡ್ಡು ಹಿಡಿದುಕೊಳ್ಳುವ ಸೌಮ್ಯ ಸೋಪಿನಂಥ ಕಣಗಳಿರುವ ನೀರು, ಲೇಸು. ವಾಟರ್‌ಪ್ರೂಫ್ ಮಸ್ಕಾರ ಮಾತ್ರ ಅದಕ್ಕೆ ಸುಲಭದಲ್ಲಿ ಬಗ್ಗದು. ಅದರಲ್ಲಿ ಅದ್ದಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಆಮೇಲೆ ಕೆಳಮುಖವಾಗಿ ಒರೆಸಬೇಕು. ಅವಸರದಲ್ಲಿ ಉಜ್ಜಿದರೆ ಮಸ್ಕಾರದ ಜೊತೆ ನಾಲ್ಕು ರೆಪ್ಪೆಗೂದಲೂ ಕೈಗೆ ಬರುತ್ತವೆ.