ಎಂಟು ವರ್ಷ ತುಂಬಿದರೆ ಹೈಬ್ರಿಡ್ ಬ್ಯಾಟರಿ ಹೋಗೇ ಹೋಗುತ್ತದೆಯೇ?

ಪ್ರಶ್ನೆ: "ಸರ್, ಹಾಸನದಿಂದ ಬರೆಯುತ್ತಿದ್ದೇನೆ. 2019ರ ಕ್ಯಾಮ್ರಿ ಹೈಬ್ರಿಡ್ ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ತಿಂಗಳಾಯಿತು. ಮೀಟರ್ 82 ಸಾವಿರ ತೋರಿಸುತ್ತಿದೆ. ಗಾಡಿ ಚೆನ್ನಾಗಿದೆ. ಆದರೆ ನೋಡಿದವರೆಲ್ಲ ಒಂದೇ ಮಾತು ಹೇಳ್ತಾರೆ: ಎಂಟು ವರ್ಷಕ್ಕೆ ಬ್ಯಾಟರಿ ಹೋಗುತ್ತೆ, ಹೊಸದು ಹಾಕಿಸೋಕೆ ಗಾಡಿ ರೇಟೇ ಆಗುತ್ತೆ, ಅಷ್ಟರೊಳಗೆ ಮಾರಿ ಕೈ ತೊಳ್ಕೋ ಅಂತ. ಮಾರಿಬಿಡಲೇ?"

ಮಾರಬೇಡಿ. ಗಾಡಿ ಚೆನ್ನಾಗಿದೆ ಎಂದು ನೀವೇ ಬರೆದಿದ್ದೀರಿ. ಚೆನ್ನಾಗಿರುವ ಗಾಡಿಯನ್ನು ಕ್ಯಾಲೆಂಡರ್ ನೋಡಿ ಮಾರುವ ಅಗತ್ಯವಿಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಟ್ಟಿಲ್ಲ. ಊರು ಬೇರೆಯಾಗುತ್ತದೆ, ಗಾಡಿ ಬೇರೆಯಾಗುತ್ತದೆ, 'ಎಂಟು ವರ್ಷ' ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಕೇಳುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಹಿಂದೆ ನಿಂತವರು ಕೇಳುತ್ತಾರೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ. ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟರೂ ಇರುವ ಗಾಡಿ.

ಎಂಟು ಎನ್ನುವ ಅಂಕಿ ಬ್ಯಾಟರಿಯ ಆಯುಸ್ಸಿನ ಲೆಕ್ಕದಿಂದ ಬಂದದ್ದಲ್ಲ, ವಾರಂಟಿ ಪುಸ್ತಕದಿಂದ ಬಂದದ್ದು. ಇಂದು ನಮ್ಮಲ್ಲಿ ಟೊಯೊಟಾ, ಮಾರುತಿ, ಹೋಂಡಾ ಮೂರೂ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಕೊಡುತ್ತವೆ. ಜನ ಇದನ್ನು ಓದಿ 'ಎಂಟು ವರ್ಷಕ್ಕೆ ಬ್ಯಾಟರಿ ಸಾಯುತ್ತದೆ' ಎಂದು ಅರ್ಥ ಮಾಡಿಕೊಂಡಿದ್ದಾರೆ. ಫ್ರಿಜ್ಜಿನ ಕಂಪ್ರೆಸರ್‌ಗೆ ಹತ್ತು ವರ್ಷ ವಾರಂಟಿ ಎಂದರೆ ಹನ್ನೊಂದನೆಯ ವರ್ಷ ಹಾಲು ಒಡೆಯುತ್ತದೆ ಎಂದು ಯಾರೂ ಹೆದರುವುದಿಲ್ಲ. ಗಾಡಿಯ ವಿಷಯ ಬಂದರೆ ಮಾತ್ರ ಅದೇ ಜನ ಹೆದರುತ್ತಾರೆ.

ಈಗ ನಿಮ್ಮ ಗಾಡಿಯನ್ನೇ ತೆಗೆದುಕೊಳ್ಳಿ. ಟೊಯೊಟಾದ ಬಿಡದಿ ಕಾರ್ಖಾನೆಯಲ್ಲಿ ಜೋಡಣೆಯಾಗಿ 2019ರಲ್ಲಿ ಹೊರಬಂದಾಗ ಈ ಬ್ಯಾಟರಿಗಿದ್ದ ವಾರಂಟಿ ಎಂಟು ವರ್ಷದ್ದಲ್ಲ, 3 ವರ್ಷ ಅಥವಾ 1 ಲಕ್ಷ ಕಿ.ಮೀ. ಕಂಪನಿ ಅದನ್ನು 8 ವರ್ಷಕ್ಕೆ ಏರಿಸಿದ್ದು 2021ರ ಆಗಸ್ಟ್‌ನಿಂದ. 'ವಾರಂಟಿ ಮುಗಿದರೆ ಬ್ಯಾಟರಿ ಮುಗಿಯಿತು' ಎನ್ನುವುದೇ ನಿಜವಾಗಿದ್ದರೆ ನಿಮ್ಮ ಬ್ಯಾಟರಿ 2022ರಲ್ಲೇ ಹೋಗಬೇಕಿತ್ತು. ಹೋಗಿಲ್ಲ. ಮೊನ್ನೆ ತಾನೇ ನೀವು ಅದರಲ್ಲಿ ಊರೆಲ್ಲ ಸುತ್ತಿ ಬಂದಿದ್ದೀರಿ. ಮೂರು ವರ್ಷದ ಗಡುವು ದಾಟಿದ ಬ್ಯಾಟರಿಗೆ ಎಂಟು ವರ್ಷದ ಗಡುವು ಯಮನಾಗುವುದು ಹೇಗೆ? ನಿಮಗೆ ಸಲಹೆ ಕೊಟ್ಟವರನ್ನು ದಯವಿಟ್ಟು ಇದೊಂದು ಪ್ರಶ್ನೆ ಕೇಳಿ.

ಇನ್ನು ಬ್ಯಾಟರಿ ಒಳಗೆ ಏನಿದೆ ಎಂಬುದು. ನಿಮ್ಮ ಕ್ಯಾಮ್ರಿಯಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಒಂದೊಂದು ಸೆಲ್ 1.2 ವೋಲ್ಟ್. ಅಂಥ ಆರು ಸೆಲ್ ಸೇರಿ ಒಂದು ಮಾಡ್ಯೂಲ್, 34 ಮಾಡ್ಯೂಲ್ ಸೇರಿ ಒಂದು ಪ್ಯಾಕ್. ಗುಣಿಸಿ ನೋಡಿ: 204 ಸೆಲ್, ಸುಮಾರು 245 ವೋಲ್ಟ್. ಒಟ್ಟು ಹಿಡಿಯುವ ವಿದ್ಯುತ್ತು ಒಂದೂವರೆ ಯೂನಿಟ್ಟಿಗೆ ಸ್ವಲ್ಪ ಹೆಚ್ಚು, ಅಷ್ಟೆ. ನಿಮ್ಮ ಬಚ್ಚಲಿನ ಎರಡು ಕಿಲೋವಾಟ್ ಗೀಸರ್ ಮುಕ್ಕಾಲು ಗಂಟೆಯಲ್ಲಿ ಅಷ್ಟನ್ನು ಕುಡಿದುಬಿಡುತ್ತದೆ. ಹೈರೈಡರ್, ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ ಗಾಡಿಗಳ ಲಿಥಿಯಂ ಬ್ಯಾಟರಿ ಇನ್ನೂ ಚಿಕ್ಕದು, ಮುಕ್ಕಾಲು ಯೂನಿಟ್. ಪೂರ್ತಿ ಎಲೆಕ್ಟ್ರಿಕ್ ಆದ ನೆಕ್ಸಾನ್ ಇವಿ ಮೊದಲು ಬಂದಾಗ ಅದರ ಬ್ಯಾಟರಿ 30.2 ಯೂನಿಟ್ ಇತ್ತು. 'ಗಾಡಿ ರೇಟಿನಷ್ಟೇ ಬ್ಯಾಟರಿ ರೇಟು' ಎನ್ನುವ ಮಾತು ಹುಟ್ಟಿದ್ದು ಅಂಥ ದೊಡ್ಡ ಬ್ಯಾಟರಿಗಳ ಸುತ್ತ. ಅದನ್ನು ತಂದು ಹೈಬ್ರಿಡ್‌ಗೆ ಅಂಟಿಸಿದವರು ಹೈಬ್ರಿಡ್ ಬ್ಯಾಟರಿಯನ್ನು ಕಣ್ಣಾರೆ ನೋಡಿದವರಲ್ಲ.

ಚಿಕ್ಕದಾದರೆ ಬೇಗ ಸವೆಯುವುದಿಲ್ಲವೇ ಎಂದು ನಾನು ಪಾಠ ಹೇಳುತ್ತಿದ್ದ ತರಗತಿಯಲ್ಲಿ ಪ್ರತಿ ವರ್ಷ ಒಬ್ಬ ಹುಡುಗ ಕೇಳುತ್ತಿದ್ದ. ಒಳ್ಳೆಯ ಪ್ರಶ್ನೆ. ನಿಮ್ಮ ಮೊಬೈಲನ್ನು ರಾತ್ರಿ ನೂರಕ್ಕೆ ತುಂಬಿಸುತ್ತೀರಿ, ಸಂಜೆ ಹೊತ್ತಿಗೆ ಐದಕ್ಕೆ ಇಳಿಸುತ್ತೀರಿ. ಮೂರು ವರ್ಷಕ್ಕೆ ಅದು ಬಸವಳಿಯುತ್ತದೆ. ಹೈಬ್ರಿಡ್ ಗಾಡಿಯ ಕಂಪ್ಯೂಟರ್ ಬ್ಯಾಟರಿಯನ್ನು ಎಂದೂ ಖಾಲಿಯಾಗಲು ಬಿಡುವುದಿಲ್ಲ, ಎಂದೂ ಪೂರ್ತಿ ತುಂಬುವುದಿಲ್ಲ. ಸುಮಾರು ನೂರಕ್ಕೆ 40ರಿಂದ 80ರ ನಡುವೆಯೇ ಏರಿಳಿಸುತ್ತಿರುತ್ತದೆ. ಪರದೆಯಲ್ಲಿ ಕಡ್ಡಿಗಳೆಲ್ಲ ತುಂಬಿದಂತೆ ಕಂಡಾಗಲೂ ಒಳಗೆ ಜಾಗ ಉಳಿದಿರುತ್ತದೆ. ಹೊಟ್ಟೆ ಬಿರಿಯ ಊಟವಿಲ್ಲ, ಉಪವಾಸವೂ ಇಲ್ಲ. ಬ್ಯಾಟರಿ ಬಾಳುವ ಗುಟ್ಟು ಇಷ್ಟೇ.

ಬಾಯಿಮಾತು ಬೇಡ ಎನ್ನುವವರಿಗೆ ಒಂದು ಅಳತೆ ಹೇಳುತ್ತೇನೆ. ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಸಂಸ್ಥೆ 2001ರಲ್ಲಿ ಟೊಯೊಟಾದ ಹೈಬ್ರಿಡ್ ಕಾರಾದ ಪ್ರಿಯಸ್‌ನ ಹೊಸ ಗಾಡಿಯನ್ನು ಪರೀಕ್ಷಿಸಿತ್ತು. ಹತ್ತು ವರ್ಷ ಬಿಟ್ಟು 2011ರಲ್ಲಿ, 2 ಲಕ್ಷ ಮೈಲಿಗೂ ಹೆಚ್ಚು ಓಡಿದ್ದ 2002ರ ಪ್ರಿಯಸ್ ಒಂದನ್ನು ತಂದು ಅದೇ ಪರೀಕ್ಷೆಗೆ ಒಡ್ಡಿತು. ನಮ್ಮ ಲೆಕ್ಕದಲ್ಲಿ 3 ಲಕ್ಷ 20 ಸಾವಿರ ಕಿ.ಮೀ. ದಾಟಿದ ಗಾಡಿ, ಮೂಲ ಬ್ಯಾಟರಿ. ಹೊಸದು ಗ್ಯಾಲನ್ನಿಗೆ 40.6 ಮೈಲಿ ಕೊಟ್ಟಿದ್ದರೆ ಈ ಹಳೆಯದು 40.4 ಕೊಟ್ಟಿತು. ಲೀಟರಿಗೆ ಒಂದು ನೂರು ಮೀಟರಿನಷ್ಟೂ ವ್ಯತ್ಯಾಸವಿಲ್ಲ.

ಹಾಗಾದರೆ ಹೈಬ್ರಿಡ್ ಬ್ಯಾಟರಿ ಕೆಡುವುದೇ ಇಲ್ಲವೇ? ಕೆಡುತ್ತದೆ. ಸುಳ್ಳು ಧೈರ್ಯ ಹೇಳಲಾರೆ. ಕೆಟ್ಟರೆ ಖರ್ಚೂ ದೊಡ್ಡದೇ. ಆದರೆ ಕೆಡಿಸುವುದು ವರ್ಷಕ್ಕಿಂತ ಹೆಚ್ಚಾಗಿ ಸೆಕೆ. ಮತ್ತು ಆ ಸೆಕೆಗೆ ಬಹಳ ಸಲ ನಾವೇ ಕಾರಣ.

ಬ್ಯಾಟರಿ ತಣ್ಣಗಿರಲು ಒಂದು ಚಿಕ್ಕ ಫ್ಯಾನ್ ಗಾಡಿಯೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ನೀವು ಎಸಿ ಹಾಕಿಕೊಂಡು ಕೂತರೆ ಆ ತಂಪು ಬ್ಯಾಟರಿಗೂ ಸಿಗುತ್ತದೆ. ಅದು ಉಸಿರೆಳೆಯುವ ಜಾಲರಿ ಮಾಡೆಲ್‌ಗೆ ತಕ್ಕಂತೆ ಹಿಂದಿನ ಸೀಟಿನ ಕೆಳಗೋ ಪಕ್ಕದಲ್ಲೋ ಇರುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೈಸೂರಿನಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಒಂದು ಏಪ್ರಿಲ್‌ನಲ್ಲಿ ಅವನ ಹತ್ತಿರ ಒಂದು ಹೈಬ್ರಿಡ್ ಸೆಡಾನ್ ಬಂತು. ಬೇರೊಂದು ಕಡೆ 'ಬ್ಯಾಟರಿ ಹೋಗಿದೆ, ಪೂರ್ತಿ ಬದಲಿಸಬೇಕು' ಎಂದು ಹೇಳಿ ಕಳಿಸಿದ್ದರಂತೆ. ನಾನೂ ಅಂದು ಅಲ್ಲೇ ಇದ್ದೆ. ಹಿಂದಿನ ಸೀಟಿಗೆ ದಪ್ಪ ರೆಕ್ಸಿನ್ ಕವರ್ ಹಾಕಿಸಿದ್ದರು. ಅದರ ಅಂಚು ಕೆಳಗೆ ಇಳಿಬಿದ್ದು ಜಾಲರಿಯನ್ನು ಅರ್ಧ ಮುಚ್ಚಿತ್ತು. ಹುಡುಗ ಕವರ್ ಸರಿಸಿ, ಜಾಲರಿಯ ಕ್ಲಿಪ್ ಬಿಡಿಸಿ, ಒಳಗಿನ ಅಂಗೈ ಅಗಲದ ಫಿಲ್ಟರನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಬೂದು ಬಣ್ಣದ ಕಂಬಳಿ ತುಂಡಿನ ಹಾಗೆ ಬಂತು: ಧೂಳು, ನಾಯಿಯ ಕೂದಲು, ಯಾವುದೋ ಬಿಸ್ಕತ್ತಿನ ಪುಡಿ. ಬೆಳಕಿಗೆ ಹಿಡಿದರೆ ಒಂದು ತೂತೂ ಕಾಣಲಿಲ್ಲ. ತೊಳೆದು, ನೆರಳಲ್ಲಿ ಒಣಗಿಸಿ, ಮತ್ತೆ ಹಾಕಿದ. ಸೀಟ್ ಕವರನ್ನು ಜಾಲರಿಯ ಸುತ್ತ ಕತ್ತರಿಸಿದ. ಸ್ಕ್ಯಾನರ್ ಹಾಕಿ ಮಾಡ್ಯೂಲ್‌ಗಳ ವೋಲ್ಟೇಜ್ ನೋಡಿದರೆ ಎಲ್ಲ ಒಂದೇ ಸಮ ಇದ್ದವು. ಕೆಟ್ಟಿದ್ದು ಬ್ಯಾಟರಿಯಲ್ಲ, ಅದರ ಉಸಿರು ಕಟ್ಟಿತ್ತು. ಆ ಗಾಡಿ ಈಗಲೂ ಅದೇ ಬ್ಯಾಟರಿಯಲ್ಲಿ ಓಡುತ್ತಿದೆ. ಬದಲಿಸಿ ಎಂದು ಹೇಳುವುದು ಅವನಿಗೂ ಸುಲಭವಿತ್ತು, ಲಾಭವೂ ಇತ್ತು. ಅವನು ಮೊದಲು ಫಿಲ್ಟರ್ ನೋಡಿದ. ಪಾಠ ಹೇಳಿದ್ದಕ್ಕೆ ನನಗೆ ಅಂದು ಸಿಕ್ಕಷ್ಟು ತೃಪ್ತಿ ಕಡಿಮೆ ಸಲ ಸಿಕ್ಕಿದೆ.

ಆದ್ದರಿಂದ ನೀವು ಈ ಭಾನುವಾರವೇ ಆ ಜಾಲರಿ ಎಲ್ಲಿದೆ ಹುಡುಕಿ. ಓನರ್ ಮ್ಯಾನ್ಯುಯಲ್‌ನಲ್ಲಿ ಚಿತ್ರವಿದೆ. ಅದರ ಮುಂದೆ ಬ್ಯಾಗ್, ಚಾಪೆ, ದಿಂಬು ಇಡಬೇಡಿ, ನೀರು ಬಿಡಬೇಡಿ. ಕಲಬುರಗಿ, ರಾಯಚೂರು ಕಡೆಯವರು ಗಾಡಿಯನ್ನು ನೆರಳಿಗೆ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಿ. ಬಿಸಿಲಲ್ಲಿ ಬೆಂದ ಗಾಡಿಗೆ ಹತ್ತಿದ ತಕ್ಷಣ ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ ಬಿಡಿ, ಆಮೇಲೆ ಎಸಿ ಹಾಕಿ.

ಬ್ಯಾಟರಿ ನಿಜವಾಗಿ ಸೋಲುತ್ತಿದ್ದರೆ ಮೊದಲೇ ಸೂಚನೆ ಕೊಡುತ್ತದೆ. ಪರದೆಯ ಚಾರ್ಜ್ ಕಡ್ಡಿಗಳು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಸರ್ರನೆ ಇಳಿದು ಸರ್ರನೆ ಏರುತ್ತವೆ. ಹಿಂದಿನಿಂದ ಫ್ಯಾನ್ ಸದ್ದು ಸದಾ ಕೇಳುತ್ತದೆ. ಎಂಜಿನ್ ನಿಲ್ಲುವುದೇ ಅಪರೂಪವಾಗುತ್ತದೆ. ಸ್ಕ್ಯಾನರ್‌ನಲ್ಲಿ ಪಿ0ಎ80 ಎಂಬ ಕೋಡ್ ಬಂದರೆ ಗಂಭೀರವಾಗಿ ತೆಗೆದುಕೊಳ್ಳಿ. ಆಗಲೂ ಚಾಸಿಸ್ ನಂಬರ್ ಕೊಟ್ಟು ಹೊಸ ಪ್ಯಾಕಿನ ಕೊಟೇಷನ್ ಬರಹದಲ್ಲಿ ಪಡೆಯಿರಿ. ಪಕ್ಕದ ಮನೆಯವರು ಹೇಳಿದ ಅಂಕಿ ನಂಬಬೇಡಿ. 'ಕೆಟ್ಟ ಮಾಡ್ಯೂಲ್ ಒಂದನ್ನೇ ಬದಲಿಸಿಕೊಡುತ್ತೇವೆ' ಎನ್ನುವವರೂ ಇದ್ದಾರೆ. ಹಳೆಯ ಮಾಡ್ಯೂಲ್‌ಗಳ ನಡುವೆ ಹೊಸದನ್ನು ಸೇರಿಸಿದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಕೈಕೊಡುವುದು ಸಾಮಾನ್ಯ. ಗಾಡಿ ಇನ್ನೂ ಬಹಳ ವರ್ಷ ಬೇಕಿದ್ದರೆ ಆ ದಾರಿ ನನಗೆ ಒಪ್ಪಿಗೆಯಿಲ್ಲ. ಕಿತ್ತಳೆ ಬಣ್ಣದ ಕೇಬಲ್ ಮಾತ್ರ ಯಾರೂ, ಎಂಥ ಅನುಭವಿ ಮೆಕ್ಯಾನಿಕ್ ಆದರೂ, ತರಬೇತಿಯಿಲ್ಲದೆ ಮುಟ್ಟಬಾರದು. ಅದರಲ್ಲಿ ಪ್ರಾಣ ತೆಗೆಯುವ ವೋಲ್ಟೇಜ್ ಇದೆ.

ನಿಮ್ಮನ್ನು ಬೆಳಿಗ್ಗೆ ಎದ್ದ ಕೂಡಲೇ ಕಾಡುವುದು ಈ ದೊಡ್ಡ ಬ್ಯಾಟರಿಯಲ್ಲ, ಎಲ್ಲ ಗಾಡಿಯಲ್ಲೂ ಇರುವ 12 ವೋಲ್ಟಿನ ಚಿಕ್ಕದು. ಅದು ಇಳಿದರೆ ಕಂಪ್ಯೂಟರ್ ಎಚ್ಚರವಾಗುವುದಿಲ್ಲ, 'ರೆಡಿ' ದೀಪ ಹತ್ತುವುದಿಲ್ಲ, ಜನ 'ಹೈಬ್ರಿಡ್ ಹೋಯಿತು' ಎಂದು ಗಾಬರಿಯಾಗುತ್ತಾರೆ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ 'ರೆಡಿ'ಯಲ್ಲಿ ಇಡಿ, ಇಲ್ಲವೇ ಒಂದು ಸುತ್ತು ಹಾಕಿ ಬನ್ನಿ.

ಇನ್ನೊಂದು ಅಭ್ಯಾಸ ಬಿಡಬೇಕು. ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ನಿಂತಾಗ ನ್ಯೂಟ್ರಲ್‌ಗೆ ಹಾಕುವುದು ನಮಗೆ ರಕ್ತಗತ. ಈ ಗಾಡಿ ನ್ಯೂಟ್ರಲ್‌ನಲ್ಲಿದ್ದರೆ ಎಂಜಿನ್ ಓಡುತ್ತಿದ್ದರೂ ಹೈಬ್ರಿಡ್ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದರಿಂದಲೇ ಎಳೆಯುತ್ತಿರುತ್ತದೆ. 'ಡಿ'ಯಲ್ಲೇ ಬ್ರೇಕ್ ಒತ್ತಿ ನಿಲ್ಲಿ, ಬಹಳ ಹೊತ್ತಾದರೆ 'ಪಿ'ಗೆ ಹಾಕಿ. ಶಿರಾಡಿ ಇಳಿಯುವಾಗ ಬ್ರೇಕ್ ಹಿಡಿದಷ್ಟೂ ಮೋಟರ್ ಜನರೇಟರಿನಂತೆ ವಿದ್ಯುತ್ ಮಾಡಿ, ಬ್ಯಾಟರಿ ಬೇಗ ತನ್ನ ಮೇಲ್ಮಿತಿಗೆ ತುಂಬಿಬಿಡುತ್ತದೆ. ಆಮೇಲೆ ಮೋಟರ್ ಬ್ರೇಕಿಗೆ ಅಷ್ಟಾಗಿ ನೆರವಾಗದು. ಉದ್ದದ ಇಳಿಜಾರಿನಲ್ಲಿ ಗಿಯರ್ ಲಿವರಿನ ಎಂಜಿನ್ ಬ್ರೇಕ್ ಸ್ಥಾನ (ಮಾಡೆಲ್‌ಗೆ ತಕ್ಕಂತೆ 'ಬಿ' ಅಥವಾ 'ಎಸ್') ಬಳಸಿ, ಎಂಜಿನ್ ತಡೆ ಹಿಡಿಯುತ್ತದೆ. ಟೋ ಮಾಡಿಸುವ ಪ್ರಸಂಗ ಬಂದರೆ ಮುಂದಿನ ಚಕ್ರ ನೆಲ ಮುಟ್ಟಬಾರದು. ಚಕ್ರ ತಿರುಗಿದರೆ ಮೋಟರ್ ತಿರುಗಿ ವಿದ್ಯುತ್ ಹುಟ್ಟುತ್ತದೆ, ಹಾನಿಯಾಗಬಹುದು.

ಹೈಬ್ರಿಡ್ ಎಂದರೆ ರಿಪೇರಿ ಜಾಸ್ತಿ ಎನ್ನುವವರಿಗೂ ಒಂದು ಮಾತು. ಈ ಕ್ಯಾಮ್ರಿಯಲ್ಲಿ ಕ್ಲಚ್ ಪ್ಲೇಟ್ ಇಲ್ಲ, ಪ್ರತ್ಯೇಕ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಸಿವಿಟಿ (ಮೆಟ್ಟಿಲಿಲ್ಲದ ಆಟೊಮ್ಯಾಟಿಕ್ ಗಿಯರ್) ಎಂದು ಹೆಸರಿದ್ದರೂ ಒಳಗೆ ಬೆಲ್ಟ್ ಇಲ್ಲ, ಗ್ರಹಗಳಂತೆ ಒಂದರ ಸುತ್ತ ಒಂದು ತಿರುಗುವ ಪ್ಲಾನೆಟರಿ ಗಿಯರಿನ ಒಂದು ಜೋಡಣೆ ಮತ್ತು ಎರಡು ಮೋಟರ್, ಅಷ್ಟೇ. ಇಲ್ಲದ್ದು ಕೆಡುವುದೂ ಇಲ್ಲ. ಬ್ರೇಕ್ ಪ್ಯಾಡ್ ಬಹಳ ಕಾಲ ಬಾಳುತ್ತದೆ, ಏಕೆಂದರೆ ವೇಗ ತಗ್ಗಿಸುವ ಅರ್ಧ ಕೆಲಸ ಮೋಟರೇ ಮಾಡುತ್ತದೆ. ಕರಾವಳಿಯವರು ಮಾತ್ರ ಎಚ್ಚರ: ಬಳಕೆ ಕಡಿಮೆಯಾದ ಬ್ರೇಕ್ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಪ್ಯಾಡ್ ದಪ್ಪ ಇದೆಯೆಂದು ಬಿಚ್ಚದೆ ಬಿಡಬೇಡಿ.

ನೀವು ಕೇಳದ ಒಂದು ವಿಷಯ ಹೇಳಿ ಮುಗಿಸುತ್ತೇನೆ, ಏಕೆಂದರೆ ನಿಮ್ಮನ್ನು ನೋಡಿ ನಿಮ್ಮ ಭಾವನೋ ಸ್ನೇಹಿತನೋ 'ನನಗೂ ಒಂದು ಹೈಬ್ರಿಡ್' ಎಂದು ಹೊರಡುತ್ತಾರೆ. 2015ರಿಂದ ಬಂದ ಮಾರುತಿಯ 'ಸ್ಮಾರ್ಟ್ ಹೈಬ್ರಿಡ್' ಅಂದರೆ ಎಸ್‌ಎಚ್‌ವಿಎಸ್ ಸಿಯಾಜ್, ಎರ್ಟಿಗಾಗಳನ್ನೂ ಮಾರುವವರು 'ಹೈಬ್ರಿಡ್' ಎಂದೇ ಕೂಗುತ್ತಾರೆ. ಗ್ರ್ಯಾಂಡ್ ವಿಟಾರಾದಲ್ಲಂತೂ 'ಸ್ಮಾರ್ಟ್ ಹೈಬ್ರಿಡ್' ಬೇರೆ, 'ಸ್ಟ್ರಾಂಗ್ ಹೈಬ್ರಿಡ್' ಬೇರೆ, ಎರಡೂ ಒಂದೇ ಮೈಕಟ್ಟಿನವು. ಸ್ಮಾರ್ಟ್ ಎಂದರೆ ಎಂಜಿನ್ನಿಗೆ ಒಂದಿಷ್ಟು ಕೈ ಜೋಡಿಸುವ ಚಿಕ್ಕ ಮೋಟರ್ ಮಾತ್ರ. ಅದು ಒಂಟಿಯಾಗಿ ಗಾಡಿಯನ್ನು ಒಂದು ಗಜವೂ ಎಳೆಯಲಾರದು. ನಂಬರ್ ಪ್ಲೇಟ್ ನೋಡಿ ತಿಳಿಯುತ್ತದೆಯೇ? ಇಲ್ಲ, ಹಸಿರು ಪ್ಲೇಟ್ ಪೂರ್ತಿ ಎಲೆಕ್ಟ್ರಿಕ್ ಗಾಡಿಗೆ ಮಾತ್ರ, ಸ್ಟ್ರಾಂಗ್ ಹೈಬ್ರಿಡ್‌ಗೂ ಬಿಳಿಯದೇ. ಹಾಗಾಗಿ ಓಡಿಸಿಯೇ ನೋಡಬೇಕು. ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿದ ಮೇಲೆ, ಬ್ರೇಕಿನಿಂದ ಮೆಲ್ಲಗೆ ಕಾಲು ತೆಗೆಯಿರಿ. ಎಂಜಿನ್ ಗುರ್ ಎಂದು ಎದ್ದ ಮೇಲೇ ಗಾಡಿ ಕದಲಿದರೆ ಅದು ಸ್ಮಾರ್ಟ್. ಎಂಜಿನ್ ಮಲಗಿದ್ದಂತೆಯೇ, ಟೈರಿನ ಕೆಳಗೆ ಜಲ್ಲಿ ಕಿರುಗುಟ್ಟುವುದು ಕೇಳಿಸುವಷ್ಟು ಸದ್ದಿಲ್ಲದೆ ಗಾಡಿ ಮುಂದಕ್ಕೆ ಜಾರಿದರೆ ಅದು ನಿಮ್ಮ ಕ್ಯಾಮ್ರಿಯ ಜಾತಿ.