ಜಗಳ ಹಚ್ಚಲು ಹೋದ ಶಿಬಿರ, ಜಗಳವಾಡದ ಹುಡುಗರು

ಮನಃಶಾಸ್ತ್ರದ ಪಾಠದಲ್ಲಿ 'ರಾಬರ್ಸ್ ಕೇವ್' ಪ್ರಯೋಗದ ಕತೆ ಬಂದೇ ಬರುತ್ತದೆ. 1954, ಅಮೆರಿಕದ ಒಕ್ಲಹೋಮ. ಬೇಸಿಗೆ ಶಿಬಿರ ಅಂತ ಹೇಳಿ 22 ಹುಡುಗರನ್ನು ಕಾಡಿಗೆ ಕರೆದೊಯ್ದರು. ಎಲ್ಲರಿಗೂ 11ರ ಆಸುಪಾಸು. ಈಗಲ್ಸ್, ರ‍್ಯಾಟ್ಲರ್ಸ್ ಅಂತ ಎರಡು ಗುಂಪು. ಬೇಸ್‌ಬಾಲ್, ಹಗ್ಗಜಗ್ಗಾಟ, ಗೆದ್ದವರಿಗೆ ಚಾಕು. ಹಗ್ಗಜಗ್ಗಾಟದಲ್ಲಿ ಸೋತ ಈಗಲ್ಸ್ ಎದುರಾಳಿಗಳ ಬಾವುಟಕ್ಕೇ ಬೆಂಕಿ ಇಟ್ಟರು. ಆಮೇಲೆ ಒಬ್ಬರ ಕೋಣೆಗೊಬ್ಬರು ನುಗ್ಗಿದ್ದೇ ನುಗ್ಗಿದ್ದು. ಕೊನೆಗೆ ನೀರು ನಿಂತಾಗ (ನಿಲ್ಲಿಸಿದವರೂ ಶಿಬಿರದವರೇ ಅನ್ನಿ!) ಎಲ್ಲರೂ ಕೈಜೋಡಿಸಿದರು, ಸಿಟ್ಟು ಇಳಿಯಿತು.

ಇದನ್ನು ನಡೆಸಿದ ಮನಃಶಾಸ್ತ್ರಜ್ಞ ಮುಜಾಫರ್ ಶೆರಿಫ್ ಹುಟ್ಟಿದ್ದು ಟರ್ಕಿಯಲ್ಲಿ. ಗ್ರೀಕರು ಮತ್ತು ತುರ್ಕರ ಹಿಂಸೆಯನ್ನು ಹುಡುಗನಾಗಿದ್ದಾಗಲೇ ಕಂಡವರು. ಒಳ್ಳೆಯ ಹುಡುಗರನ್ನೂ ಪೈಪೋಟಿ ಶತ್ರುಗಳನ್ನಾಗಿ ಮಾಡುತ್ತದೆ ಎಂಬುದು ಅವರ ವಾದ.

ಆದರೆ ಹಿಂದಿನ ವರ್ಷದ ಕತೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1953ರಲ್ಲಿ ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್‌ನಲ್ಲೂ ಶೆರಿಫ್ ಇಂಥದ್ದೇ ಶಿಬಿರ ಮಾಡಿದ್ದರು. ಅಲ್ಲಿ ಹುಡುಗರನ್ನು ಮೊದಲು ಒಟ್ಟಿಗೆ ಬಿಟ್ಟರು, ಸ್ನೇಹ ಬೆಳೆದ ಮೇಲೆ ಪ್ಯಾಂಥರ್ಸ್, ಪೈಥಾನ್ಸ್ ಅಂತ ಒಡೆದರು. ಜಗಳ ಮಾತ್ರ ಹತ್ತಲಿಲ್ಲ. ಸಿಬ್ಬಂದಿ ಗುಟ್ಟಾಗಿ ಬಟ್ಟೆ ಕದ್ದರು. ಲಾಂಡ್ರಿಯಲ್ಲಿ ಅದಲುಬದಲಾಗಿರಬೇಕು ಅಂದರು ಹುಡುಗರು. ಬಾವುಟದ ಹಗ್ಗ ಕತ್ತರಿಸಿದರು, ಡೇರೆ ಕೆಡವಿದರು, ಒಬ್ಬನ ಪ್ರೀತಿಯ ಉಕುಲೆಲೆಯನ್ನೂ (ಗಿಟಾರ್‌ನಂಥ ಪುಟ್ಟ ವಾದ್ಯ) ಮುರಿದರು. ಊಹೂಂ. ಹಗ್ಗಜಗ್ಗಾಟದಲ್ಲಿ ಸೋತ ಪೈಥಾನ್ಸ್, ಪ್ಯಾಂಥರ್ಸೇ ಚೆನ್ನಾಗಿ ಆಡಿದ್ದು ಅಂತ ಒಪ್ಪಿಕೊಂಡುಬಿಟ್ಟರು! ಶೆರಿಫ್‌ಗೆ ಎಷ್ಟು ಸಿಟ್ಟು ಬಂತೆಂದರೆ ಸಹಾಯಕನ ಮೇಲೇ ಕೈ ಮಾಡಲು ಹೋದರಂತೆ. ಪ್ರಯೋಗ ಅರ್ಧಕ್ಕೇ ನಿಂತಿತು.

ಒಕ್ಲಹೋಮಾದಲ್ಲಿ ಲೆಕ್ಕಾಚಾರ ಬದಲಾಯಿತು. ಎರಡೂ ಗುಂಪು ಬೇರೆ ಬೇರೆಯಾಗಿಯೇ ಬಂದವು. ಮೊದಲ ಕೆಲ ದಿನ ಇನ್ನೊಂದು ಗುಂಪು ಇದೆ ಅನ್ನುವುದೇ ಇವರಿಗೆ ಗೊತ್ತಿರಲಿಲ್ಲ. ಗೆಳೆತನಕ್ಕೆ ಜಾಗವೇ ಇರಲಿಲ್ಲ ಅಲ್ವಾ? ನನ್ನ ಪ್ರಕಾರ ಆ ಪ್ರಯೋಗದ ಅರ್ಧ ಫಲಿತಾಂಶ ಅಲ್ಲೇ ತೀರ್ಮಾನವಾಗಿತ್ತು. ಪೈಪೋಟಿಯೊಂದೇ ಸಾಕು ಅನ್ನುವಂತಿದ್ದರೆ ಮಿಡಲ್ ಗ್ರೋವ್‌ನಲ್ಲೂ ಹೊಡೆದಾಟ ಆಗಬೇಕಿತ್ತು.

ಈ ವಿವರಗಳನ್ನೆಲ್ಲ ಹಳೇ ಕಡತಗಳಿಂದ ಹೆಕ್ಕಿ 2018ರಲ್ಲಿ ಪುಸ್ತಕವಾಗಿ ತಂದವರು ಆಸ್ಟ್ರೇಲಿಯಾದ ಜಿನಾ ಪೆರ್ರಿ. ಆ ಹುಡುಗರಲ್ಲಿ ಕೆಲವರನ್ನು ಅವರು ಹುಡುಕಿಕೊಂಡು ಹೋದರು. ತಾವು ಒಂದು ಪ್ರಯೋಗದಲ್ಲಿದ್ದೆವು ಅನ್ನುವುದು ಮುದುಕರಾದ ಅವರಿಗೆ ಆವರೆಗೂ ಗೊತ್ತೇ ಇರಲಿಲ್ಲ.